ಡಬಲ್ ಅಂದರೆ ಯಾವ ಡಬಲ್?

ತಮ್ಮಾ, ನಿನ್ನೆ ರಾತ್ರಿ ಫೋನಿನಲ್ಲಿ ಬ್ರಿಡ್ಜ್ ಆಡುತ್ತಾ ನೀನು ಹಲ್ಲು ಕಡಿದದ್ದು ಅಂಗಳದಲ್ಲಿ ಮಲಗಿದ್ದ ನನಗೂ ಕೇಳಿಸಿತು. "ಮುತ್ಯಾ, ಪಾರ್ಟ್ನರ್ ಡಬಲ್ ಅಂದ, ಹೊಡೀತಾನ ಅಂತ ನಾ ಸುಮ್ನಾದೆ, ಅವರು ಆಟಾನೇ ಗೆದ್ದುಬಿಟ್ರು" ಅಂತ ಬೆಳಿಗ್ಗೆ ದೂರು ಬೇರೆ. ತಪ್ಪು ಯಾರದು ಅಂತ ನೀನೇ ತೀರ್ಪು ಕೊಟ್ಟೂ ಆಗಿತ್ತು. ನಿನ್ನ ಲೆಕ್ಕ ಚುರುಕು, ಬಿದ್ದ ಎಲೆ ಮರೆಯುವವನಲ್ಲ. ಕಿವಿ ಮಾತ್ರ ಇನ್ನೂ ಪಳಗಬೇಕು.

ಬ್ರಿಡ್ಜಿನ ಬಿಡ್ಡಿಂಗಿನಲ್ಲಿ ಇರುವುದು ಒಟ್ಟು 38 ಮಾತು. ಏಳು ಮಟ್ಟಕ್ಕೆ ಐದೈದರಂತೆ 35 ಬಿಡ್, ಅದರ ಮೇಲೆ ಪಾಸ್, ಡಬಲ್, ರಿಡಬಲ್. ಇಷ್ಟರಲ್ಲೇ 13 ಎಲೆಗಳ ಕಥೆ ಹೇಳಿ ಮುಗಿಸಬೇಕು. ಬಡವರ ಮನೆಯ ಪಾತ್ರೆ ಇದ್ದಹಾಗೆ. ಒಂದೇ ಬೋಗುಣಿಯಲ್ಲಿ ಹಿಟ್ಟೂ ಕಲಸಬೇಕು, ಸಾರೂ ಬಡಿಸಬೇಕು. ಎಲ್ಲಕ್ಕಿಂತ ಹೆಚ್ಚು ದುಡಿಯುವ ಬೋಗುಣಿ ಈ ಡಬಲ್.

ನೀನು ಕನ್ನಡ-ಮರಾಠಿ ಗಡಿಯ ಎಕಂಬಾದ ಹುಡುಗ. ನಿನಗೆ ಇದು ಕಷ್ಟವಾಗಬಾರದು. ಕನ್ನಡದವರು 'ಬಾಯಿ' ಅಂದರೆ ಮುಖದಲ್ಲಿರುವ ಬಾಯಿ, ಮರಾಠಿಯವರು ಅಂದರೆ ಹೆಣ್ಣುಮಗಳು. ಯಾರು ಆಡಿದರು ಅಂತ ನೋಡಿ ಅರ್ಥ ಹಿಡಿಯುವುದನ್ನು ಗಡಿಯ ಮಕ್ಕಳಿಗೆ ಕಲಿಸಬೇಕಾ? ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಭಜ್ಜಿ, ರೊಟ್ಟಿ ಉಣ್ಣುವಾಗ ಬೀಗರು ಮೊದಲ ಸಲ "ಸಾಕ್ರಿ" ಅಂದರೆ ನಿಮ್ಮ ಆಯಿ ಇನ್ನೊಂದು ಸೌಟು ಹಾಕುತ್ತಾಳೆ. ಮೂರನೇ ಸಲ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು "ಸಾಕ್ರಿ" ಅಂದರೆ ನಿಲ್ಲಿಸುತ್ತಾಳೆ. ಮಾತು ಒಂದೇ, ಹೊತ್ತು ಬೇರೆ. ಡಬಲ್ಲೂ ಅಷ್ಟೇ. ಒಮ್ಮೆ ಅದು ನಿನ್ನನ್ನು ಮಾತಾಡಿಸುವ ಕರೆ, ಇನ್ನೊಮ್ಮೆ ಇವರನ್ನು ಸೋಲಿಸುತ್ತೇನೆ ಎಂಬ ಹೊಡೆತ.

ಮೊದಲ ಸಲದ 'ಸಾಕ್ರಿ' ಯಾವುದು? ಎದುರಾಳಿ 1 ಹಾರ್ಟ್ ಅಂದ, ನಿನ್ನ ಪಾರ್ಟ್ನರ್ ಡಬಲ್ ಅಂದ. "ನನ್ನ ಕೈ ಚೆನ್ನಾಗಿದೆ, ಹಾರ್ಟ್ ಕಡಿಮೆ, ಉಳಿದ ಮೂರರಲ್ಲಿ ಒಂದನ್ನು ನೀನೇ ಆರಿಸು" ಎಂಬ ಕರೆ ಅದು. ನನ್ನ ಕೈ ಖಾಲಿ, ಪಾಸ್ ಅನ್ನುತ್ತೇನೆ ಅಂತೀಯಲ್ಲ, ಖಾಲಿ ಕೈಯವನೇ ಅಲ್ಲಿ ಬಾಯಿ ಬಿಡಬೇಕು. ಸುಮ್ಮನಿರುವ ಹಕ್ಕು ಇರುವುದು ಹಾರ್ಟಿನಲ್ಲೇ ಗಟ್ಟಿ ಎಲೆಗಳ ಸಾಲು ಇಟ್ಟುಕೊಂಡವನಿಗೆ.

ಇದನ್ನು ನಾನೂ ಪೆಟ್ಟು ತಿಂದೇ ಕಲಿತವನು. ಹೈದರಾಬಾದಿನಲ್ಲಿ ನೌಕರಿಗೆ ಸೇರಿದ ಹೊಸದು. ಕೈಯಲ್ಲಿ ಒಂದು ರಾಜ, ಸ್ಪೇಡಿನ ನಾಲ್ಕು ಸಣ್ಣ ಎಲೆ. ಪಾರ್ಟ್ನರ್ 1 ಹಾರ್ಟಿಗೆ ಡಬಲ್ ಅಂದ. ನಾನು ಗಂಭೀರವಾಗಿ ಪಾಸ್ ಅಂದೆ. ಅವರು ಒಂಬತ್ತು ಟ್ರಿಕ್ ಎತ್ತಿಕೊಂಡರು. ಡಬಲ್ ಇಲ್ಲದಿದ್ದರೆ 140 ಅಂಕ ಹೋಗುತ್ತಿತ್ತು, 360 ಹೋಯಿತು. ಪಾರ್ಟ್ನರ್ ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದೆ.

ಇನ್ನೊಂದು ಡಬಲ್. ಪಾರ್ಟ್ನರ್ 1 ಡೈಮಂಡ್ ಅಂದ, ನಡುವೆ ಎದುರಾಳಿ 1 ಸ್ಪೇಡ್ ಅಂತ ಕಾಲು ತೂರಿಸಿದ. ಈಗ ನೀನು ಡಬಲ್ ಅಂದರೆ ಸ್ಪೇಡ್ ಹೊಡೆಯುತ್ತೇನೆ ಅಂತಲ್ಲ. ಆರಕ್ಕೆ ಕಡಿಮೆಯಿಲ್ಲದ ಪಾಯಿಂಟ್ ಇವೆ, ಹಾರ್ಟ್ ನಾಲ್ಕಿವೆ, 2 ಹಾರ್ಟ್ ಅನ್ನುವಷ್ಟು ಬಲ ಇಲ್ಲ ಅಂತ. ಹಿಂದೆ ಇದೇ ಡಬಲ್ ಹೊಡೆತವೇ ಆಗಿತ್ತು. 1957ರಲ್ಲಿ ಆಲ್ವಿನ್ ರಾತ್, ಟೋಬಿಯಾಸ್ ಸ್ಟೋನ್ ಎಂಬ ಇಬ್ಬರು ಅಮೆರಿಕದ ಆಟಗಾರರು ಅದರ ಅರ್ಥವನ್ನೇ ತಿರುವಿದರು. ರಷ್ಯಾದವರು ಸ್ಪುಟ್ನಿಕ್ ಹಾರಿಸಿದ ವರ್ಷ ಅದು. ಜನ ಈ ಡಬಲ್ಲಿಗೂ ಅದೇ ಹೆಸರಿಟ್ಟರು.

"ಹಂಗಾದ್ರ ನನ್ನ ಕೈಯಾಗ ಸ್ಪೇಡೇ ಐದು ಗಟ್ಟಿ ಇದ್ರ?" ಅಂತ ಕೇಳುತ್ತೀ. ಆಗ ಪಾಸ್ ಅನ್ನು, ಕಾಯಿ. ಸರದಿ ಸುತ್ತಿ ಬಂದಾಗ ಸ್ಪೇಡ್ ಕಡಿಮೆ ಇರುವ ಪಾರ್ಟ್ನರ್ ತಾನೇ ಡಬಲ್ ಅನ್ನುತ್ತಾನೆ. ನೀನು ಮತ್ತೆ ಪಾಸ್. ಬಲೆಗೆ ಬಿದ್ದ ಮೀನು ಎಲ್ಲಿಗೆ ಹೋಗುತ್ತದೆ? ಆದರೆ ನಿನಗೆ ಕಾಯುವುದೇ ಆಗದು. ರೊಟ್ಟಿ ಹಂಚಿನ ಮೇಲಿರುವಾಗಲೇ ಕೈ ಚಾಚುವ ಜಾತಿ ನಿನ್ನದು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಅಂದಿಲ್ಲ.

ಡಬಲ್ ಕಿವಿಗೆ ಬಿದ್ದಾಗ ಮೂರು ಮಾತು ಕೇಳಿಕೋ. ಒಂದು: ಪಾರ್ಟ್ನರಿಗೆ ತನ್ನ ಕೈ ಹೇಳಿಕೊಳ್ಳಲು ಇದುವರೆಗೆ ಜಾಗ ಸಿಕ್ಕಿತ್ತೇ? ಸಿಗದಿದ್ದರೆ ಈಗ ಹೇಳಿಕೊಳ್ಳುತ್ತಿದ್ದಾನೆ, ಕೇಳು. ಎರಡು: ಎದುರಾಳಿಗಳು ಒಪ್ಪಂದಕ್ಕೆ ಬಂದಿದ್ದಾರೆಯೇ? 1 ಹಾರ್ಟ್, 2 ಹಾರ್ಟ್ ಅಂತ ಕೈಕೈ ಸೇರಿಸಿದವರ ಹತ್ತಿರ ಸಾಮಾನ್ಯವಾಗಿ ಎಂಟು ಹಾರ್ಟ್ ಇದ್ದೇ ಇರುತ್ತವೆ. 13ರಲ್ಲಿ 8 ಹೋದರೆ 5. ನಿನ್ನಲ್ಲೇ ಮೂರಿದ್ದರೆ ಪಾರ್ಟ್ನರಿಗೆ ಎರಡು. ಎರಡು ತುರುಪು ಇಟ್ಟುಕೊಂಡು ಯಾರನ್ನು ಹೊಡೆದಾನು? ಅದು ಕರೆಯೇ. ಮೂರು: ಎಷ್ಟು ಎತ್ತರದ ಮಾತು? ನಾವು 4 ಸ್ಪೇಡ್ ತನಕ ಹೋಗಿದ್ದೇವೆ, ಅವರು ಹಟಕ್ಕೆ ಬಿದ್ದು 5 ಕ್ಲಬ್ ಅಂದಿದ್ದಾರೆ, ಆಗ ಬರುವ ಡಬಲ್ ತಟ್ಟೆಯ ಮೇಲಿಟ್ಟ ಕೈ. ಅಲ್ಲಿ ನಿನ್ನ ಪುಕ್ಕಲುತನಕ್ಕೆ 5 ಸ್ಪೇಡಿಗೆ ಓಡಬೇಡ. ಪಾರ್ಟ್ನರನ್ನು ನಂಬು.

ಇನ್ನು ನೀನೇ ಹೊಡೆಯಲು ಹೊರಟಾಗ ಮಂಡಿಯ ಲೆಕ್ಕ ಹಾಕು. ಅವರು ವಲ್ನರಬಲ್ ಅಲ್ಲ, ಅಂದರೆ ಸೋತರೆ ದಂಡ ಕಡಿಮೆ ಇರುವ ಆಟ, 2 ಸ್ಪೇಡ್ ಅಂದಿದ್ದಾರೆ ಅಂದುಕೋ. ಒಂದು ಟ್ರಿಕ್ ಸೋತರೆ ನಿನಗೆ 50. ಡಬಲ್ ಅಂದಿದ್ದರೆ 100. ಲಾಭ 50. ಅದೇ ಅವರು ಗೆದ್ದುಬಿಟ್ಟರೆ 110 ಆಗಬೇಕಿದ್ದದ್ದು 470 ಆಗುತ್ತದೆ. ನಷ್ಟ 360. ತೊಗರಿ ಮಾರಲು ಔರಾದಿಗೆ ಹೋದವನು ಈ ವ್ಯಾಪಾರ ಮಾಡಿ ಬಂದರೆ ಮನೆಯೊಳಗೆ ಬಿಟ್ಟುಕೊಳ್ಳುತ್ತಾರಾ? ಸಿಟ್ಟಿನ ಡಬಲ್ ಬೇಡ. ಹಿಂದಿನ ಆಟದಲ್ಲಿ ಸೋತ ಸೇಡು ಈ ಆಟದ ಎಲೆಗಳಿಗೆ ಗೊತ್ತಿರುವುದಿಲ್ಲ.

ಮುಂದೆ ಮೇಜಿನ ಮುಂದೆ ಕೂತು ಆಡುವ ದಿನ ಬರುತ್ತದೆ. ಅಲ್ಲಿ ಡಬಲ್ ಅಂತ ಬಾಯಲ್ಲಿ ಹೇಳುವುದಿಲ್ಲ. ಪೆಟ್ಟಿಗೆಯಿಂದ ಗುಣಾಕಾರದ ಗುರುತಿನ ಕೆಂಪು ಚೀಟಿ ತೆಗೆದಿಡಬೇಕು. ಯಾಕೆ ಗೊತ್ತಾ? ಮೆಲ್ಲಗೆ ಅಂದರೆ ಕರೆ, ಗುಡುಗಿದರೆ ಹೊಡೆತ ಅಂತ ದನಿಯಲ್ಲೇ ಹೇಳಿಬಿಡುವ ಜಾಣರಿದ್ದರು. ಅದು ಕಳ್ಳತನ. ತಡ ಮಾಡಿ ಇಟ್ಟ ಚೀಟಿಯಿಂದ ಪಾರ್ಟ್ನರ್ ಅರ್ಥ ಹೆಕ್ಕುವುದೂ ಕಳ್ಳತನವೇ. ನಿಮ್ಮಿಬ್ಬರ ಒಪ್ಪಂದ ಎದುರಿನವರು ಕೇಳಿದರೆ ಮುಚ್ಚಿಡದೆ ಹೇಳಬೇಕು. ಇಸ್ಪೀಟು ಅಂದರೆ ಜೂಜು ಅಂತ ಆಯಿ ಗೊಣಗುತ್ತಾಳಲ್ಲ, ಅವಳ ಬಾಯಿ ಮುಚ್ಚಿಸುವುದು ಇಂಥ ನೇಮವೇ.

2018ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಜೋಡಿ ನಮ್ಮ ದೇಶಕ್ಕೆ ಬ್ರಿಡ್ಜ್ ಚಿನ್ನ ತಂದಾಗ ಒಬ್ಬರಿಗೆ 60, ಇನ್ನೊಬ್ಬರಿಗೆ 56. ಒಬ್ಬರ ಮಾತು ಒಬ್ಬರಿಗೆ ತಿಳಿಯುವುದಕ್ಕೆ ಅಷ್ಟು ವರ್ಷ ಬೇಕಾಗುತ್ತವೆ. ನಿನಗೆ ಇನ್ನೂ 20 ತುಂಬಿಲ್ಲ.

ಇವತ್ತು ರಾತ್ರಿ ಆಟಕ್ಕೆ ಕೂರುವ ಮೊದಲು ಆ ನಿನ್ನ ಪಾರ್ಟ್ನರಿಗೆ ಫೋನ್ ಹಚ್ಚು. ಯಾವ ಮಟ್ಟದ ತನಕ ನಮ್ಮ ಡಬಲ್ ಕರೆ, ಎಲ್ಲಿಂದ ಮುಂದೆ ಹೊಡೆತ, ಒಂದು ಹಾಳೆಯ ಮೇಲೆ ಬರೆದುಕೊಳ್ಳಿರಿ. ಅದಕ್ಕೂ ಮೊದಲು ನಿನ್ನೆಯ ತಪ್ಪು ನನ್ನದು ಅಂತ ಹೇಳು.