ಒಂದೇ ಬೆಟ್ಟ, ವರ್ಷವಿಡೀ

ಚಿ. ಪುಟ್ಟನಿಗೆ,

ಹೊಸ ಕ್ಯಾಮೆರಾ ಬಂತು, ಆಕಾಶಗಂಗೆಯ ಫೋಟೊ ತೆಗೆಯೋಕೆ ಲಡಾಖಿಗೆ ಹೊರಟಿದ್ದೀನಿ ಅಂತ ಬರೆದಿದ್ದೀಯ. ಓದಿ ತುಂಬಾ ಸಂತೋಷವಾಯಿತು. ಹಾನ್ಲೆಗೆ ಖಂಡಿತ ಹೋಗು. ಸುಮಾರು 4,500 ಮೀಟರ್ ಎತ್ತರದಲ್ಲಿರುವ ಅಲ್ಲಿನ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ, ಗೊತ್ತಾ? ಆದರೆ ಅದಕ್ಕೂ ಮೊದಲು ಒಂದು ವರ್ಷ ನಮ್ಮ ಮುಳ್ಳಯ್ಯನಗಿರಿಯನ್ನೇ ತೆಗೆ ಮಗಾ. ನಾಲ್ಕು ದಿನಕ್ಕೆ ಹೋದ ಊರು ಒಂದು ಋತುವನ್ನಷ್ಟೇ ತೋರಿಸುತ್ತದೆ. ನಕ್ಷತ್ರಗಳು ತಿಂಗಳಿಗೆ ಎರಡು ಗಂಟೆಯಷ್ಟು ಬೇಗ ಹುಟ್ಟುತ್ತಾ ಹೋಗುತ್ತವೆ. ಅದು ಕಣ್ಣಿಗೆ ಕಾಣಬೇಕಾದರೆ ಬೆಟ್ಟವೂ ಅದೇ ಇರಬೇಕು, ನೀನು ನಿಲ್ಲುವ ಜಾಗವೂ ಅದೇ ಇರಬೇಕು.

ಯಾವ ನಕ್ಷತ್ರ ಯಾವಾಗ ಕಾಣುತ್ತದೆ ಅಂತ ಹೇಳಲು ನಿನ್ನ ಮೊಬೈಲಿನಲ್ಲಿ ಆ್ಯಪ್ ಇದೆ, ನಿನ್ನ ಅಜ್ಜನಿಗೆ ಪಂಚಾಂಗದ ಮಳೆ ನಕ್ಷತ್ರಗಳಿದ್ದವು. ಜೂನ್ ಕೊನೆಗೆ ಆರಿದ್ರಾ ಮಳೆ ಅನ್ನುತ್ತೇವಲ್ಲ, ಆಗ ಸೂರ್ಯ ಆ ನಕ್ಷತ್ರದಲ್ಲಿರುತ್ತಾನೆ. ಸೂರ್ಯನ ಜೊತೆಗೇ ಇರುವ ಅದು ಮೋಡ ಸರಿದರೂ ಕಾಣುವುದಿಲ್ಲ. ಆರು ತಿಂಗಳು ಕಳೆದು ಡಿಸೆಂಬರ್ ಬರಲಿ, ಕತ್ತಲಾದ ಮೇಲೆ ಪೂರ್ವದಲ್ಲಿ ಕೆಂಪಗೆ ಎದ್ದು ರಾತ್ರಿಯಿಡೀ ಇರುತ್ತದೆ. ಮೂಲಾ ನಕ್ಷತ್ರದ್ದು ಇದಕ್ಕೆ ಉಲ್ಟಾ. ಆಕಾಶಗಂಗೆಯ ದಟ್ಟವಾದ ನಡುಭಾಗ ಇರುವುದು ಅದರ ಪಕ್ಕದಲ್ಲೇ. ಧನುರ್ಮಾಸ ಹುಟ್ಟುವಾಗ ಸೂರ್ಯ ಮೂಲಾ ಸೇರುತ್ತಾನೆ, ಹಾಗಾಗಿ ಆ ದಿನಗಳಲ್ಲಿ ಅದು ಯಾರ ಕ್ಯಾಮೆರಾಕ್ಕೂ ಸಿಗದು. ಫೆಬ್ರವರಿಯ ಬೆಳಗಿನ ಜಾವ ಆಗ್ನೇಯದಲ್ಲಿ ಮತ್ತೆ ಏಳುತ್ತದೆ. ಗಿರಿಯಿಂದ ಚಿಕ್ಕಮಗಳೂರು ಪೇಟೆಯೂ ಆಗ್ನೇಯಕ್ಕೇ ಇರುವುದರಿಂದ ಊರಿನ ದೀಪಗಳು ಆ ಕಡೆಯ ಕತ್ತಲನ್ನು ತಿಂದುಬಿಡುತ್ತವೆ. ಮೇ ತಿಂಗಳಲ್ಲಿ ಗುಡುಗು ಮೋಡ, ಜೂನ್ ಹಿಡಿಯಿತೆಂದರೆ ಮಂಜು, ಮಳೆ, ಉಂಬಳ.

ನನ್ನನ್ನು ಕೇಳಿದರೆ ಮಹಾಲಯ ಅಮಾವಾಸ್ಯೆಯಿಂದ ದೀಪಾವಳಿಯವರೆಗಿನ ಕತ್ತಲೇ ಶ್ರೇಷ್ಠ. ಮಳೆಯಲ್ಲಿ ತೊಳೆದ ಗಾಳಿ, ಇನ್ನೂ ಹಸಿರಾಗಿರುವ ಹುಲ್ಲು. ಏಳೂವರೆಗೆಲ್ಲ ನೈಋತ್ಯದಲ್ಲಿ ಗಿರಿಯ ಹೆಗಲಿಗೆ ಆಕಾಶಗಂಗೆ ಇಳಿಯುತ್ತಿರುತ್ತದೆ. ನಮ್ಮ ಕಾಫಿ ಕಣದಿಂದ ಆ ಕಡೆ ಒಂದು ದೀಪವೂ ಕಾಣುವುದಿಲ್ಲ. 20 ಎಂಎಂ ಲೆನ್ಸ್, ಅಪರ್ಚರ್ 2.8, ಐಎಸ್‌ಒ 3200, 20 ಸೆಕೆಂಡ್. ಅದಕ್ಕಿಂತ ತುಂಬಾ ಹೊತ್ತು ಬಿಟ್ಟರೆ ಚುಕ್ಕಿಗಳು ಗೆರೆಯಾಗುತ್ತವೆ. ಫೋಕಸ್ ಕೈಯಲ್ಲೇ ಮಾಡು. ಹೊಳೆಯುವ ಒಂದು ನಕ್ಷತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, ರಿಂಗನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗು, ಅದು ಅತಿ ಸಣ್ಣ ಚುಕ್ಕಿಯಾದ ಕಡೆ ನಿಲ್ಲಿಸು. ಕಣದಲ್ಲಿ ಇಬ್ಬನಿ ಬೇಗ ಬೀಳುತ್ತದೆ, ಆಗಾಗ ಲೆನ್ಸ್ ಒರೆಸುತ್ತಿರು.

ಹುಣ್ಣಿಮೆಯ ರಾತ್ರಿ ದಂಡ ಅಂತ ತಿಳಿಯಬೇಡ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ, ಕೆಲವೇ ದಿನ ನಿಲ್ಲುತ್ತದೆ. ಆಗ ಬೆಳದಿಂಗಳು ಕೂಡಿಬಂದರೆ ಕೊಂಬೆಯ ಗೆಣ್ಣುಗೆಣ್ಣಿಗೂ ಬಿಳಿ ಗೊಂಚಲು, ಹಿಂದೆ ಒಣಹುಲ್ಲಿನ ಬೆಟ್ಟ. ಅಂಥ ಚಿತ್ರ ಲಡಾಖಿನಲ್ಲಿ ಸಿಗುವುದಿಲ್ಲ.

ಕತ್ತಲಾದ ಮೇಲೆ ಗಿರಿ ಹತ್ತುವ ಆಸೆ ಮಾತ್ರ ಬೇಡ. ಅರಣ್ಯ ಇಲಾಖೆಯವರು ಬಿಡುವುದಿಲ್ಲ, ಬಿಡಲೂಬಾರದು. ರಾತ್ರಿಯ ಶೋಲಾ ಕಾಡು ಪ್ರಾಣಿಗಳದ್ದು.

ಇನ್ನೊಂದು ಮಾತು ನಡೆಸಿಕೊಡು. ಡಿಸೆಂಬರಿನ ಬೆಟ್ಟಕ್ಕೆ ಮೇ ತಿಂಗಳ ಆಕಾಶ ಅಂಟಿಸಿದ ಫೋಟೊಗಳು ಈಗ ಎಲ್ಲೆಲ್ಲೂ ಕಾಣುತ್ತವೆ. ಹೊಸ ವರ್ಷದ ರಾತ್ರಿ ಗಿರಿಯ ನೆತ್ತಿಗೆ ಆಕಾಶಗಂಗೆಯ ನಡುಭಾಗ ಕೂರಿಸಿದರೆ ಅದು ಸುಳ್ಳು. ಅಜ್ಜನ ಪಂಚಾಂಗ ಬಲ್ಲ ಯಾರಿಗಾದರೂ ಗೊತ್ತಾಗುತ್ತದೆ. ಬಣ್ಣ ತಿದ್ದಿಕೋ, ಹೊಳಪು ಹೆಚ್ಚಿಸಿಕೋ, ನನ್ನ ಅಡ್ಡಿಯಿಲ್ಲ. ಋತು ಮಾತ್ರ ಬದಲಿಸಬೇಡ.

ಮಹಾಲಯ ಅಮಾವಾಸ್ಯೆಗೆ ಬಾ. ಮೋಡವಿದ್ದರೆ ದೀಪಾವಳಿಯವರೆಗೂ ಇಲ್ಲೇ ಇರು, ರಜೆ ಹಾಕಿಕೊಂಡೇ ಬಾ. ಟ್ರೈಪಾಡ್ ತರಲು ಮರೆಯಬೇಡ.

ಇತಿ,
ನಿನ್ನ ದೊಡ್ಡಮ್ಮ