649 ಡಾಲರ್ ಕಿಟ್, 2,360 ಡಾಲರ್ ಬಿಲ್

ಲೆಕ್ಕ ಮೊದಲು ಹೇಳಿಬಿಡುತ್ತೇನೆ, ಪುರಾಣ ಆಮೇಲೆ. ನನ್ನ 1956ರ ಫೋರ್ಡ್ ಎಫ್-100 ಟ್ರಕ್ಕಿನ ಬ್ರೇಕ್ ಮಾಸ್ಟರ್ ಸಿಲಿಂಡರನ್ನು ಕ್ಯಾಬಿನ್ ನೆಲದ ಅಡಿಯಿಂದ ತೆಗೆದು, ಎಂಜಿನ್ ಹಿಂದಿನ ಫೈರ್‌ವಾಲ್ ಮೇಲೆ ಕೂರಿಸಿದೆ. ಅದಕ್ಕೆ ಕೊಂಡ ಕಿಟ್ಟಿನ ಬೆಲೆ 649 ಡಾಲರ್. ಸಾಗಣೆ, ತೆರಿಗೆ ಸೇರಿ 730. ಹೊಸ ಪೈಪು, ಫಿಟಿಂಗ್ 140. ವೆಲ್ಡಿಂಗ್ ಅಂಗಡಿಯವನಿಗೆ ಗಂಟೆಗೆ 110ರಂತೆ ಹನ್ನೊಂದು ಗಂಟೆ, ಅಂದರೆ 1,210. ಬೆಂಕಿ ತಾಗಿ ಸುಟ್ಟ ಬಣ್ಣ ಮತ್ತೆ ಹೊಡೆಸಲು 280. ಒಟ್ಟು 2,360.

ಸಕಲೇಶಪುರದಲ್ಲಿ ಹಳೆಯ ಜೀಪ್ ಇಟ್ಟುಕೊಂಡಿರುವ ನನ್ನ ಭಾವನಿಗೆ ಇದನ್ನು ಹೇಳಿದೆ. ಅವನು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿ, 'ಎರಡು ಲಕ್ಷ ಹತ್ತಿರ ಆಯ್ತಲ್ಲ ಭಾವ, ಬ್ರೇಕ್ ಎಣ್ಣೆ ಬಗ್ಗದೆ ನೋಡೋದಕ್ಕಾ?' ಅಂದ. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ.

1953ರಿಂದ 1956ರವರೆಗಿನ ಎಫ್-100ನಲ್ಲಿ ಪೆಡಲ್ ನೆಲದಿಂದ ಮೇಲೆ ಬರುತ್ತದೆ, ಮಾಸ್ಟರ್ ಸಿಲಿಂಡರ್ ಚಾಸಿಗೆ ಬೋಲ್ಟಾಗಿ ಕಾಲಡಿಯಲ್ಲೇ ಕೂತಿರುತ್ತದೆ. ಎಣ್ಣೆ ಎಷ್ಟಿದೆ ಎಂದು ನೋಡಬೇಕಾದರೆ ಮ್ಯಾಟ್ ಎತ್ತಿ, ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿಯಬೇಕು. 1957ರ ಹೊಸ ಮಾದರಿಯಲ್ಲಿ ಕಂಪನಿಯೇ ಪೆಡಲನ್ನು ಮೇಲಿನಿಂದ ತೂಗುಹಾಕಿತು. ಹಾಗೆ ಮಾಡುವಾಗ ಕ್ಯಾಬಿನ್ನನ್ನೂ ಹೊಸದಾಗಿ ಮಾಡಿತು ಎಂಬುದನ್ನು ಕಿಟ್ ಮಾರುವವರು ಹೇಳುವುದಿಲ್ಲ. 1956ರ ಫೈರ್‌ವಾಲ್ ಎಂಜಿನ್ನಿನ ಬಿಸಿ, ಹೊಗೆ ಒಳಗೆ ಬಾರದಂತೆ ತಡೆಯಲು ಇಟ್ಟ ತಗಡು. ಅದು ಭಾರ ಹೊರಲು ಹುಟ್ಟಿದ್ದಲ್ಲ.

ಎಷ್ಟು ಭಾರ? ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ಇರುವ ಪೆಡಲಿಗೆ ಸಾಮಾನ್ಯವಾಗಿ ನಾಲ್ಕಕ್ಕೆ ಒಂದರ ಅನುಪಾತ. ಕಾಲಿನಿಂದ 100 ಪೌಂಡ್ ಒತ್ತಿದರೆ ತಳ್ಳುಕೋಲು ಬೂಸ್ಟರನ್ನು 400 ಪೌಂಡ್ ಬಲದಿಂದ ಮುಂದಕ್ಕೆ ದೂಡುತ್ತದೆ. ಅದೇ ಹೊತ್ತಿಗೆ ಪೆಡಲಿನ ಮೇಲ್ತುದಿಯ ತಿರುಗಣೆ 300 ಪೌಂಡ್ ಹಿಂದಕ್ಕೆ ಒತ್ತುತ್ತದೆ. ಒಂದೇ ತಗಡಿನ ಮೇಲೆ ಕೆಳಗೆ ಮುಂದಕ್ಕೆ, ಮೇಲೆ ಹಿಂದಕ್ಕೆ; ತಗಡು ತಿರುಚಿಕೊಳ್ಳದೆ ಏನು ಮಾಡೀತು? ಬೂಸ್ಟರ್ ಕೂತ ಜಾಗ 2 ಮಿಲಿಮೀಟರ್ ಬಾಗಿದರೂ ಕಾಲಡಿಯಲ್ಲಿ ಪೆಡಲ್ 8 ಮಿಲಿಮೀಟರ್ ಸುಮ್ಮನೆ ಇಳಿಯುತ್ತದೆ. ಎಣ್ಣೆಯಲ್ಲಿ ಗಾಳಿ ಸೇರಿದೆ ಎಂದುಕೊಂಡು ಮಂದಿ ಮತ್ತೆ ಮತ್ತೆ ಬ್ಲೀಡ್ ಮಾಡುತ್ತಾರೆ. ಇತ್ತ ತಗಡು ಒತ್ತಿದಾಗಲೆಲ್ಲ ಬಾಗಿ, ಕೊನೆಗೆ ಬೋಲ್ಟ್ ತೂತಿನ ಸುತ್ತ ಬಿರುಕು ಬಿಡುತ್ತದೆ.

ಹಾಗಾಗಿ ಆ 1,210 ಡಾಲರಿಗೆ ನನ್ನ ತಕರಾರಿಲ್ಲ. ಇಡೀ ಬಿಲ್ಲಿನಲ್ಲಿ ದುಡಿದ ದುಡ್ಡು ಅದೊಂದೇ. ಫೈರ್‌ವಾಲ್‌ನ ಒಳಗೂ ಹೊರಗೂ ಅಗಲವಾದ ಉಕ್ಕಿನ ಪ್ಲೇಟ್, ನಡುವೆ ತಗಡು, ಬೋಲ್ಟ್ ತಗಡನ್ನು ಜಗ್ಗದಂತೆ ತೂತಿಗೆ ಉಕ್ಕಿನ ಕೊಳವೆ, ಪೆಡಲ್ ಬ್ರಾಕೆಟ್ಟಿನಿಂದ ಡ್ಯಾಶಿನ ಹಿಂದಿನ ಗಟ್ಟಿ ಜಾಗಕ್ಕೆ ಒಂದು ಆಸರೆ. ಹಿಂದಕ್ಕೆ ಒತ್ತುವ 300 ಪೌಂಡನ್ನು ಹೊರುವುದು ಈ ಆಸರೆಯೇ. ಬರೀ ಪ್ಲೇಟ್ ಹಾಕಿ ಆಸರೆ ಬಿಟ್ಟರೆ ಅರ್ಧ ಕೆಲಸ.

ನನಗೆ ಸಿಟ್ಟು ಬರುವುದು ಕಿಟ್ಟಿನ ಮೇಲೆ. ಡಬ್ಬದ ಮೇಲೆ 'ಬೋಲ್ಟ್ ಬಿಗಿದರೆ ಮುಗಿಯಿತು' ಎಂದು ದೊಡ್ಡಕ್ಷರದಲ್ಲಿದೆ. ಒಳಗೆ ಮಿರಮಿರ ಹೊಳೆಯುವ ಬೂಸ್ಟರ್, ಪೆಡಲಿಗೆ ಅಂದದ ರಬ್ಬರು. ಪ್ಲೇಟ್ ಇಲ್ಲ, ಆಸರೆ ಇಲ್ಲ; ಕಾಗದದ ಕೊನೆಯ ಸಾಲಿನಲ್ಲಿ 'ಅಗತ್ಯವಿದ್ದರೆ ಫೈರ್‌ವಾಲ್ ಬಲಪಡಿಸಿಕೊಳ್ಳಿ' ಎಂಬ ಉಪದೇಶ. ಅಗತ್ಯವಿದ್ದರೆ! 1956ರ ಕ್ಯಾಬಿನ್ನಿಗೇ ಮಾಡಿದ್ದು ಅಂತ ಮಾರುವವರಿಗೆ ಅಗತ್ಯವೋ ಇಲ್ಲವೋ ಗೊತ್ತಿರಬೇಡವೇ? ಮೂಗಿಗಿಂತ ಮೂಗುತಿ ಭಾರ. ಸಾಲದ್ದಕ್ಕೆ ಬಡ್ಡಿಯಿಲ್ಲದ ನಾಲ್ಕು ಕಂತಿನ ಆಮಿಷ ಬೇರೆ. ಕಂತು ಕಿಟ್ಟಿಗೆ ಮಾತ್ರ, ವೆಲ್ಡಿಂಗಿಗೆ ಯಾರೂ ಕಂತು ಕೊಡುವುದಿಲ್ಲ.

ಈಗ ಬೇರೆ ದಾರಿಯ ಲೆಕ್ಕ. ಹಳೆಯ ಬ್ರೇಕಿನ ನಿಜವಾದ ಅಪಾಯ ಅದು ನೆಲದಡಿ ಇರುವುದಲ್ಲ, ಒಂಟಿ ಸರ್ಕ್ಯೂಟ್ ಆಗಿರುವುದು. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಕೈಕೊಡುತ್ತದೆ. ಅಮೆರಿಕದ ಕಾರುಗಳಿಗೆ 1967ರ ಮಾದರಿಯ ಹೊತ್ತಿಗೆ ಜೋಡಿ ಸರ್ಕ್ಯೂಟ್ ಬಂತು. ಆದರೆ ಜೋಡಿ ಮಾಸ್ಟರ್ ಸಿಲಿಂಡರ್ ನೆಲದಡಿಯೂ ಕೂರುತ್ತದೆ. ನನ್ನ ಟ್ರಕ್ಕಿಗೆ ಅದು ಬ್ರಾಕೆಟ್ ಸಮೇತ 310 ಡಾಲರಿಗೆ ಸಿಗುತ್ತಿತ್ತು. ಸಿಲಿಂಡರ್ ಚಕ್ರದ ಮಟ್ಟದಲ್ಲೇ ಇರುವುದರಿಂದ ಎಣ್ಣೆ ಹಿಂದಕ್ಕೆ ಹರಿಯದಂತೆ ರೆಸಿಡ್ಯುಯಲ್ ವಾಲ್ವ್ ಬೇಕು, ಡಿಸ್ಕಿಗೆ 2 ಪಿಎಸ್‌ಐ, ಡ್ರಮ್ಮಿಗೆ 10. ವಾಲ್ವು, ಪೈಪು ಸೇರಿ 110. ಬಗ್ಗಿ ನೋಡುವ ಕಷ್ಟ ತಪ್ಪಬೇಕೆಂದರೆ ಎಣ್ಣೆ ಡಬ್ಬಿಯೊಂದನ್ನೇ ಬಾನೆಟ್ ಕೆಳಗಿಟ್ಟು ಟ್ಯೂಬ್ ಎಳೆಯಬಹುದು, 90. ಒಟ್ಟು 510. ಡಬ್ಬಿ ಹಗುರ, ಫೈರ್‌ವಾಲ್ ಅದನ್ನು ನಿರಾಯಾಸವಾಗಿ ಹೊರುತ್ತದೆ.

ವ್ಯತ್ಯಾಸ 1,850 ಡಾಲರ್. ವರ್ಷಕ್ಕೆ ಎರಡು ಸಲ ಎಣ್ಣೆ ನೋಡುತ್ತೇನೆ ಎನ್ನಿ. ಹತ್ತು ವರ್ಷಕ್ಕೆ ಇಪ್ಪತ್ತು ಸಲ. ಬಾನೆಟ್ ಎತ್ತಿ ಒಂದು ಸಲ ಇಣುಕಿದರೆ 92 ಡಾಲರ್ 50 ಸೆಂಟ್. ಇದರಲ್ಲಿ ಬೂಸ್ಟರಿನ ಸುಖಕ್ಕೆ ಒಂದಷ್ಟು ಕಳೆಯಿರಿ ಎನ್ನುವವರಿದ್ದಾರೆ. ಕಳೆಯೋಣ; ಆದರೆ ಬೂಸ್ಟರ್ ಕೂಡ ನೆಲದಡಿ ಚಾಸಿಗೇ ಕೂರುವಂಥದ್ದು ಸಿಗುತ್ತದೆ. ಹೀಗಾಗಿ ಆ ಮೊತ್ತ ದೊಡ್ಡದಲ್ಲ. ಮುಂದೆ ಮಾರುವಾಗ ಬೆಲೆ ಬರುತ್ತದೆಯೇ? ಕೊಳ್ಳುವವನು ಬಣ್ಣ ನೋಡುತ್ತಾನೆ, ಎಂಜಿನ್ ಕೇಳುತ್ತಾನೆ. ಪ್ಲೇಟ್ ತಟ್ಟಿ ನೋಡುವವರು ಅಪರೂಪ.

ಇನ್ನೊಂದು ಮಾತು, ಹಣಕ್ಕಿಂತ ಅಭ್ಯಾಸದ್ದು. ಎರಡು ಸಾವಿರ ಖರ್ಚು ಮಾಡಿದವರೇ ಹದಿನೈದು ಡಾಲರಿನ ಎಣ್ಣೆ ಬದಲಿಸಲು ಸೋಮಾರಿತನ ಮಾಡುತ್ತಾರೆ. ಡಾಟ್ 3 ಎಣ್ಣೆ ಗಾಳಿಯ ತೇವ ಹೀರುತ್ತದೆ, ಅದರಿಂದ ಅದು ಕುದಿಯುವ ಬಿಂದು ಇಳಿಯುತ್ತದೆ, ಸಿಲಿಂಡರ್ ಒಳಗೆ ತುಕ್ಕು ಹಿಡಿಯುತ್ತದೆ. ಮಿಷಿಗನ್ನಿನ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಪೈಪನ್ನು ಹೊರಗಿನಿಂದ ತಿನ್ನುತ್ತಿದ್ದರೆ ಇದು ಒಳಗಿನಿಂದ. ಎರಡು ವರ್ಷಕ್ಕೊಮ್ಮೆ ಬದಲಿಸಿ, ತಾರೀಖನ್ನು ಸಿಲಿಂಡರ್ ಪಕ್ಕದಲ್ಲೇ ಬರೆದು ಅಂಟಿಸಿ.

ಚಾಸಿಯ ಮೇಲಿನ ಬ್ರಾಕೆಟ್ ಗಟ್ಟಿಯಾಗಿದ್ದರೆ ಬ್ರೇಕನ್ನು ಅಲ್ಲೇ ಬಿಟ್ಟು ಜೋಡಿ ಸಿಲಿಂಡರ್ ಹಾಕಿಸಿ ಎಂಬುದು ನನ್ನ ಸಲಹೆ. ಹಿಂದಿನ ಮಾಲೀಕ ಅದನ್ನು ಕತ್ತರಿಸಿ ಎಸೆದಿದ್ದರೆ, ಅಥವಾ ಹೊಸ ಗೇರ್‌ಬಾಕ್ಸ್, ಸೈಲೆನ್ಸರ್ ಪೈಪು ಆ ಜಾಗ ತಿಂದಿದ್ದರೆ ಮಾತ್ರ ಫೈರ್‌ವಾಲ್‌ಗೆ ಹೋಗಿ. ಹೋಗುವುದಾದರೆ ಕಿಟ್ ಮಾರುವವರಿಗೆ ಫೋನ್ ಮಾಡಿ, ಪ್ಲೇಟೂ ಡ್ಯಾಶಿನ ಆಸರೆಯೂ ಡಬ್ಬದಲ್ಲಿವೆಯೇ ಎಂದು ಕೇಳಿ. ಇಲ್ಲ ಎಂದರೆ ಮೊದಲು ವೆಲ್ಡಿಂಗ್ ಅಂಗಡಿಯಿಂದ ಬರಹದಲ್ಲಿ ದರ ತರಿಸಿಕೊಳ್ಳಿ, ಕಾರ್ಡ್ ಆಮೇಲೆ ತೆಗೆಯಿರಿ.