ಜಾಲನಕ್ಷೆಗಳಲ್ಲಿ ಬಿಂದುಗಳ ಗಾತ್ರ: ಕೆಲವು ದೋಷಗಳ ಪರಿಶೀಲನೆ

ಒಂದು ಹಳಗನ್ನಡ ಕಾವ್ಯವನ್ನು ಕುರಿತ ಕರಡು ಪ್ರಬಂಧವೊಂದನ್ನು ಈಚೆಗೆ ಓದುವ ಸಂದರ್ಭ ಒದಗಿತು. ಪಾತ್ರಗಳನ್ನು ಬಿಂದುಗಳಾಗಿಯೂ ಅವುಗಳ ನಡುವಣ ಸಂಬಂಧಗಳನ್ನು ಗೆರೆಗಳಾಗಿಯೂ ತೋರಿಸುವ ಎರಡು ಜಾಲನಕ್ಷೆಗಳು ಅದರಲ್ಲಿದ್ದವು. ಒಂದು ಕಾವ್ಯದ ಪೂರ್ವಾರ್ಧಕ್ಕೆ, ಇನ್ನೊಂದು ಉತ್ತರಾರ್ಧಕ್ಕೆ. ಎರಡರಲ್ಲಿಯೂ ನಾಯಕನ ಬಿಂದು ಒಂದೇ ಗಾತ್ರದ್ದಾಗಿತ್ತು. ಆದುದರಿಂದ ಕಾವ್ಯದುದ್ದಕ್ಕೂ ಅವನ ಪ್ರಾಧಾನ್ಯ ಸಮಾನವಾಗಿದೆಯೆಂದು ಅಭ್ಯಾಸಿ ತೀರ್ಮಾನಿಸಿದ್ದರು. ದತ್ತಾಂಶದ ಕೋಷ್ಟಕವನ್ನು ತೆರೆದು ನೋಡಿದಾಗ ಪೂರ್ವಾರ್ಧದಲ್ಲಿ ಅವನಿಗೆ 8 ಸಂಬಂಧಗಳಿದ್ದರೆ ಉತ್ತರಾರ್ಧದಲ್ಲಿ 20 ಇದ್ದವು. ಕೋಷ್ಟಕ ಸರಿಯಾಗಿತ್ತು. ದಾರಿ ತಪ್ಪಿಸಿದ್ದು ಚಿತ್ರ.

ಇದು ಏಕೆ ಹೀಗಾಗುತ್ತದೆ ಎಂಬುದನ್ನು ಎಲ್ಲರಿಗೂ ದೊರೆಯುವ ದತ್ತಾಂಶವೊಂದರ ಮೂಲಕ ನೋಡಬಹುದು. ವಿಕ್ಟರ್ ಹ್ಯೂಗೋನ ‘ಲೆ ಮಿಸರಾಬ್ಲ್’ (1862) ಕಾದಂಬರಿಯ ಪಾತ್ರಗಳ ಸಹೋಪಸ್ಥಿತಿಯನ್ನು ಗಣಕವಿಜ್ಞಾನಿ ಡೊನಾಲ್ಡ್ ಕ್ನೂತ್ ಸಂಗ್ರಹಿಸಿ 1993ರಲ್ಲಿ ಪ್ರಕಟಿಸಿದರು. ಅದರಲ್ಲಿ 77 ಪಾತ್ರಗಳೂ 254 ಸಂಬಂಧಗಳೂ ಇವೆ. ಗೆಫಿ ಎಂಬ ಮುಕ್ತ ತಂತ್ರಾಂಶದೊಡನೆ ಇದು ಮಾದರಿಯಾಗಿಯೇ ಬರುತ್ತದೆ. ಜಾನ್ ವಾಲ್ಜಾನನಿಗೆ 36, ಗಾವ್ರೋಶನಿಗೆ 22, ಜಾವೇರನಿಗೆ 17 ಸಂಬಂಧಗಳು. ಒಂದೇ ಸಂಬಂಧವುಳ್ಳ ಪಾತ್ರಗಳೂ ಹಲವಾರು. ಕನಿಷ್ಠ ಗಾತ್ರ 10, ಗರಿಷ್ಠ ಗಾತ್ರ 40 ಎಂದು ಸೂಚಿಸಿದರೆ ತಂತ್ರಾಂಶವು ಅತಿ ಕಡಿಮೆ ಸಂಖ್ಯೆಯವರಿಗೆ 10ನ್ನೂ ಅತಿ ಹೆಚ್ಚಿನವನಿಗೆ 40ನ್ನೂ ಕೊಟ್ಟು, ಉಳಿದವರನ್ನು ನಡುವೆ ಸಮಪ್ರಮಾಣದಲ್ಲಿ ಹಂಚುತ್ತದೆ. ಗಾವ್ರೋಶನಿಗೆ ಆಗ 28 ದೊರೆಯುತ್ತದೆ.

ಈಗ ವಾಲ್ಜಾನನನ್ನು ಜಾಲದಿಂದ ಅಳಿಸಿ ಗಾತ್ರವನ್ನು ಮತ್ತೆ ಅನ್ವಯಿಸಿದರೆ ಏನಾಗುತ್ತದೆ? ಗಾವ್ರೋಶನು ಒಂದು ಸಂಬಂಧವನ್ನು ಕಳೆದುಕೊಂಡು 21ಕ್ಕೆ ಇಳಿಯುತ್ತಾನೆ. ಆದರೆ ಉಳಿದವರಲ್ಲಿ ಅವನೇ ದೊಡ್ಡವನಾದುದರಿಂದ ಅವನ ಬಿಂದು 28ರಿಂದ 40ಕ್ಕೆ ಹಿಗ್ಗುತ್ತದೆ. ಸಂಬಂಧ ಕುಗ್ಗಿದಾಗ ಚಿತ್ರ ಬೆಳೆಯಿತು. ಸ್ವಯಂಚಾಲಿತ ಗಾತ್ರವು ಆ ಒಂದು ನಕ್ಷೆಯೊಳಗಿನ ಸ್ಥಾನವನ್ನು ಹೇಳುತ್ತದೆಯೇ ಹೊರತು ಪರಿಮಾಣವನ್ನಲ್ಲ. ಮೇಲೆ ಹೇಳಿದ ಪ್ರಬಂಧದಲ್ಲಿ 8 ಮತ್ತು 20 ಒಂದೇ ಆಗಿ ಕಂಡದ್ದು ಇದೇ ಕಾರಣದಿಂದ. ಎರಡೂ ತಮ್ಮ ತಮ್ಮ ನಕ್ಷೆಯ ಗರಿಷ್ಠ ಸಂಖ್ಯೆಗಳಾಗಿದ್ದವು.

ಇದರೊಳಗೇ ಇನ್ನೊಂದು ತೊಡಕು ಅಡಗಿದೆ. ತಂತ್ರಾಂಶ ಹಿಗ್ಗಿಸುವುದು ವೃತ್ತದ ಅಡ್ಡಳತೆಯನ್ನು, ಕಣ್ಣು ನೋಡುವುದು ವಿಸ್ತೀರ್ಣವನ್ನು. ಗಾವ್ರೋಶನ ಸಂಬಂಧಗಳು ವಾಲ್ಜಾನನ ಸಂಬಂಧಗಳ ಶೇ. 61ರಷ್ಟಿದ್ದರೂ 28 ಮತ್ತು 40ರ ವೃತ್ತಗಳಲ್ಲಿ ಅವನ ವಿಸ್ತೀರ್ಣ ಶೇ. 49 ಮಾತ್ರ. ಎರಡೂ ದೋಷಗಳಿಗೆ ನಾನು ಕಂಡುಕೊಂಡ ಪರಿಹಾರ ಒಂದೇ: ಗಾತ್ರವನ್ನು ತಂತ್ರಾಂಶಕ್ಕೆ ಬಿಡದೆ ಕೋಷ್ಟಕದಲ್ಲಿಯೇ ಲೆಕ್ಕ ಹಾಕುವುದು. ಸಂಬಂಧಸಂಖ್ಯೆಯ ವರ್ಗಮೂಲವನ್ನು ಒಂದು ಸ್ಥಿರಾಂಕದಿಂದ, ಉದಾಹರಣೆಗೆ 7ರಿಂದ, ಗುಣಿಸಿದರೆ ವಾಲ್ಜಾನನಿಗೆ 42, ಗಾವ್ರೋಶನಿಗೆ ಸುಮಾರು 33, ಒಂಟಿ ಸಂಬಂಧದವರಿಗೆ 7 ಬರುತ್ತದೆ. ವಿಸ್ತೀರ್ಣಗಳು ಆಗ ಸಂಖ್ಯೆಗಳ ಪ್ರಮಾಣದಲ್ಲಿಯೇ ಇರುತ್ತವೆ. ಅದೇ 7ನ್ನು ಎಲ್ಲ ನಕ್ಷೆಗಳಿಗೂ ಬಳಸಿದರೆ ಪೂರ್ವಾರ್ಧ ಉತ್ತರಾರ್ಧಗಳನ್ನು ಧೈರ್ಯವಾಗಿ ಹೋಲಿಸಬಹುದು. ಯಾರೊಡನೆಯೂ ಸಂಬಂಧವಿಲ್ಲದ ಪಾತ್ರಕ್ಕೆ ಮಾತ್ರ ಸೊನ್ನೆ ಬಂದು ಬಿಂದುವೇ ಮಾಯವಾಗುತ್ತದೆ. ಅದಕ್ಕೊಂದು ಕಿರುಗಾತ್ರವನ್ನು ಕೈಯಿಂದಲೇ ಕೊಡಬೇಕು. ಗೆಫಿ ಓದುವ ಜಿಇಎಕ್ಸ್‌ಎಫ್ ಕಡತದಲ್ಲಿ ಪ್ರತಿ ಬಿಂದುವಿನ ಗಾತ್ರವನ್ನು ನೇರವಾಗಿ ಬರೆಯಲು ಅವಕಾಶವಿದೆ. ಸೈಟೋಸ್ಕೇಪ್ ತಂತ್ರಾಂಶದಲ್ಲಿ ಕೋಷ್ಟಕದ ಸಂಖ್ಯೆಯನ್ನೇ ಗಾತ್ರವಾಗಿ ಸ್ವೀಕರಿಸುವ ಆಯ್ಕೆಯಿದೆ.

ಯಾಂತ್ರಿಕ ದೋಷಗಳನ್ನು ಬೇಗನೆ ಹೇಳಿ ಮುಗಿಸಬಹುದು. ಸಂಖ್ಯೆಗಳ ಕಂಬಸಾಲು ಪಠ್ಯವಾಗಿ ಆಮದಾಗಿದ್ದರೆ ಗೆಫಿಯ ಶ್ರೇಣೀಕರಣದ ಪಟ್ಟಿಯಲ್ಲಿ ಅದು ಕಾಣಿಸುವುದೇ ಇಲ್ಲ. ಕೋಷ್ಟಕದಲ್ಲಿ ಕನ್ನಡ ಅಂಕಿಗಳನ್ನು ಬಳಸದಿರುವುದು ಕ್ಷೇಮ. ದತ್ತಾಂಶ ಬದಲಾದ ಮೇಲೆ ಗಾತ್ರವನ್ನು ಮತ್ತೆ ಅನ್ವಯಿಸದಿದ್ದರೆ ಹಳೆಯ ಗಾತ್ರಗಳೇ ಉಳಿಯುತ್ತವೆ. ಸೈಟೋಸ್ಕೇಪ್‌ನಲ್ಲಿ ಅಗಲ ಎತ್ತರಗಳನ್ನು ಒಂದಾಗಿ ಬಂಧಿಸುವ ಗುರುತನ್ನು ಹಾಕದಿದ್ದರೆ ಗಾತ್ರಕ್ಕೆ ಕೊಟ್ಟ ಆದೇಶ ಫಲಿಸುವುದಿಲ್ಲ.

ಕನ್ನಡದ ಪಠ್ಯಗಳಲ್ಲಿ ಇವೆಲ್ಲಕ್ಕಿಂತ ಗಂಭೀರವಾದ ದೋಷ ಹೆಸರುಗಳಲ್ಲಿದೆ. ಯುನಿಕೋಡ್‌ನಲ್ಲಿ ‘ಭೀಮ’ ಎಂಬಲ್ಲಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘಚಿಹ್ನೆ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ‘ದ್ರೋಣ’ನ ಓಕಾರಕ್ಕೂ ಇದೇ ಸ್ಥಿತಿ. ಪರದೆಯ ಮೇಲೆ ಎರಡೂ ಒಂದೇ. ಸಂಕೇತಗಳನ್ನು ಯಥಾವತ್ತಾಗಿ ಹೋಲಿಸುವ ಯಂತ್ರಕ್ಕೆ ಇಬ್ಬರು ಭೀಮರು. ಆಗ ಭೀಮನ ಬಿಂದು ಒಡೆದು ಎರಡೂ ಚಿಕ್ಕವಾಗುತ್ತವೆ. ಅಷ್ಟೇ ಅಲ್ಲ, ಇಬ್ಬರೊಡನೆಯೂ ಗೆರೆಯುಳ್ಳ ದ್ರೌಪದಿಗೆ ಒಂದರ ಬದಲು ಎರಡು ಸಂಬಂಧಗಳು ಲೆಕ್ಕವಾಗಿ ಅವಳು ಕಾರಣವಿಲ್ಲದೆ ದೊಡ್ಡವಳಾಗುತ್ತಾಳೆ. ಹಳೆಯ ಫಾಂಟುಗಳಿಂದ ಯುನಿಕೋಡಿಗೆ ಪರಿವರ್ತಿಸಿದ ಪಠ್ಯಗಳಲ್ಲಿ ಇದನ್ನು ತಪ್ಪದೆ ನೋಡಬೇಕು. ಪಠ್ಯವನ್ನು ಮೊದಲೇ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಈ ಭೇದ ಅಳಿಯುತ್ತದೆ.

ಪರ್ಯಾಯನಾಮಗಳನ್ನು ಮಾತ್ರ ಯಾವ ಏಕರೂಪವೂ ಸರಿಪಡಿಸಲಾರದು. ಅರ್ಜುನ, ಪಾರ್ಥ, ಕಿರೀಟಿಗಳನ್ನು ಒಂದೇ ಬಿಂದುವಿಗೆ ಸೇರಿಸುವುದರಲ್ಲಿ ಯಾರಿಗೂ ಅನುಮಾನವಿರದು. ಆದರೆ ಪಂಪನು ವಿಕ್ರಮಾರ್ಜುನ ವಿಜಯದಲ್ಲಿ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಅಭೇದವಾಗಿಸಿ, ಹರಿಗ, ಗುಣಾರ್ಣವ ಎಂಬ ದೊರೆಯ ಹೆಸರುಗಳಿಂದಲೇ ಕಥಾನಾಯಕನನ್ನು ಕರೆಯುತ್ತಾನೆ. ಇವನ್ನು ಅರ್ಜುನನ ಬಿಂದುವಿಗೆ ಸೇರಿಸಿದರೆ ಅದು ನಕ್ಷೆಯಲ್ಲಿ ಹಿಗ್ಗುತ್ತದೆ. ಬೇರೆಯಾಗಿಟ್ಟರೆ ಕರ್ಣನ ಬಿಂದು ಅದಕ್ಕೆ ಸಮೀಪವಾಗಿ ಕಾಣಬಹುದು. ಸೇರಿಸುವುದು ಕವಿಯ ಉದ್ದೇಶಕ್ಕೆ ಹೊಂದುತ್ತದೆಂದು ನನ್ನ ಅಭಿಪ್ರಾಯ. ಬೇರೆಯಾಗಿಡುವವರಿಗೂ ಕಾರಣಗಳಿರಬಹುದು. ಯಾವುದನ್ನು ಮಾಡಿದ್ದೇವೆ, ಯಾವ ಸ್ಥಿರಾಂಕವನ್ನು ಬಳಸಿದ್ದೇವೆ ಎಂಬುದನ್ನು ನಕ್ಷೆಯ ಕೆಳಗೆ ಒಂದು ಸಾಲಿನಲ್ಲಿ ನಮೂದಿಸಿದರೆ ಓದುವವರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬಲ್ಲರು.